ಗಡಿ ದಾಟದ ಮೋಟಾರು

ಕಾರ್ಕಳದಿಂದ ಮಾಳದ ಮೂಲಕ ಘಟ್ಟವನ್ನೇರಿ ಬರುವ ಪ್ರಯಾಣಿಕನಿಗೆ ದಟ್ಟವಾದ ಕಾಡಿನ ನಡುವೆ ಒಂದು ವಿಚಿತ್ರವಾದ ಹೆಸರು ಎದುರಾಗುತ್ತದೆ: ಎಸ್.ಕೆ. ಬಾರ್ಡರ್. ಅಲ್ಲಿ ದಾರಿ ಎರಡಾಗಿ ಒಡೆದು ಒಂದು ಕುದುರೆಮುಖದತ್ತ, ಇನ್ನೊಂದು ಕೆರೆಕಟ್ಟೆಯ ಮೇಲೆ ಶೃಂಗೇರಿಯತ್ತ ಸಾಗುತ್ತದೆ. ಸೌತ್ ಕೆನರಾ ಎಂಬುದರ ಮೊದಲಕ್ಷರಗಳು ಅವು. ಒಂದು ಕಾಲದಲ್ಲಿ ಇದರ ಕೆಳಗಿನ ನಾಡು ಆಂಗ್ಲರ ಮದರಾಸು ಪ್ರಾಂತಕ್ಕೆ ಸೇರಿತ್ತು. ಮೇಲಿನದು ಮೈಸೂರು ಮಹಾರಾಜರ ಸಂಸ್ಥಾನ. ಆಡುವ ಭಾಷೆ ಒಂದೇ, ಉಣ್ಣುವ ಕುಚ್ಚಲಕ್ಕಿ ಒಂದೇ, ಆಳುವವರು ಮಾತ್ರ ಬೇರೆ. 1956ರ ನವೆಂಬರ್ 1ರಂದು ಗಡಿ ಅಳಿಯಿತು, ಹೆಸರು ಉಳಿಯಿತು. ಈಗ ಮಂಗಳೂರಿನ ಮೋಟಾರು ಶೃಂಗೇರಿಗೆ ಬರುವಾಗ ಯಾವ ರಾಜನ ಅಪ್ಪಣೆಯೂ ಬೇಕಾಗಿಲ್ಲ.

ಆದರೆ ಮಲೆನಾಡಿನ ಮನೆಗಳನ್ನು ಇಂದು ಕಾಡುವ ಗಡಿ ಈ ಕಾಡಿನಲ್ಲಿಲ್ಲ, ಮುಂಬಯಿಯ ಬಂದರಿನಲ್ಲಿದೆ.

ಮಗನೋ ಮಗಳೋ ಪರದೇಶದಲ್ಲಿಲ್ಲದ ತೋಟದ ಮನೆಯನ್ನು ಕೊಪ್ಪದ ಸೀಮೆಯಲ್ಲಿ ಹುಡುಕಿಯೇ ಕಾಣಬೇಕಾದೀತು. ಹೋದವರಲ್ಲಿ ಕೆಲವರು ಹಿಂದಿರುಗುತ್ತಾರೆ. ತಂದೆಗೆ ವಯಸ್ಸಾಗಿದೆ, ಕೊನೆಗಾರರು ಸಿಗುವುದಿಲ್ಲ, ಅಡಿಕೆಗೆ ಮದ್ದು ಹೊಡೆಸುವ ಹೊತ್ತಿಗೆ ಮೇಲ್ವಿಚಾರಣೆಗೆ ಒಬ್ಬರಿಲ್ಲ. ಬರುತ್ತೇನೆಂದು ಮಗ ದೂರವಾಣಿಯಲ್ಲಿ ತಿಳಿಸುತ್ತಾನೆ. ಮನೆಯಲ್ಲಿ ಸಂತೋಷ ತುಂಬುತ್ತದೆ. ಎರಡನೆಯ ದಿನ ಪ್ರಶ್ನೆ ಏಳುತ್ತದೆ.

“ಕಾರೂ ತರ್ತೀಯೇನೋ?”

“ನೋಡ್ತೀನಿ ಅಪ್ಪಯ್ಯ.”

ನೋಡಿದವನಿಗೆ ಕಾಣುವುದು ಇಷ್ಟು. 1962ರ ಸುಂಕದ ಕಾಯಿದೆಯಲ್ಲಿ ಪ್ರಯಾಣಿಕನ ಸಾಮಾನು ಎಂದರೇನು ಎಂಬುದಕ್ಕೆ ಒಂದು ವ್ಯಾಖ್ಯೆಯಿದೆ. ಮೋಟಾರು ವಾಹನ ಅದರಲ್ಲಿ ಸೇರುವುದಿಲ್ಲವೆಂದು ಅಲ್ಲಿಯೇ ಹೇಳಿಬಿಟ್ಟಿದ್ದಾರೆ. ಪಾತ್ರೆ, ಪುಸ್ತಕ, ಹಾಸಿಗೆ ಎಲ್ಲವೂ ಸಾಮಾನು. ಹತ್ತು ವರ್ಷ ಹೆಂಡತಿ ಮಕ್ಕಳನ್ನು ಹೊತ್ತು ತಿರುಗಿದ ಕಾರು ಸಾಮಾನಲ್ಲ. ಅದನ್ನು ಆಮದು ಮಾಡಿಕೊಳ್ಳಬೇಕು. ಬಳಸಿದ ಕಾರಾದರೆ ತಯಾರಾಗಿ ಮೂರು ವರ್ಷ ಮೀರಿರಬಾರದು. ಚಾಲಕಚಕ್ರ ಬಲಗಡೆಗಿರಬೇಕು. ವೇಗ ತೋರುವ ಮುಳ್ಳು ಕಿಲೋಮೀಟರಿನ ಲೆಕ್ಕದಲ್ಲಿ ಓಡಬೇಕು. ಮುಂದಿನ ದೀಪಗಳು ಎಡಕ್ಕೆ ನಡೆಯುವ ರಸ್ತೆಗೆ ಹೊಂದುವಂತೆ ಬೆಳಕು ಚೆಲ್ಲಬೇಕು. ಹಡಗಿನಿಂದ ಇಳಿಯಬೇಕಾದದ್ದು ಮುಂಬಯಿಯಲ್ಲಿಯೇ. ಮನೆಗೆ ಹತ್ತಿರವೆಂದು ಮಂಗಳೂರಿನಲ್ಲಿ ಇಳಿಸುವಂತಿಲ್ಲ. ಇಷ್ಟನ್ನೂ ಗೆದ್ದು ಬಂದರೆ ಸುಂಕದ ಕಟ್ಟೆಯಿದೆ. ಅಲ್ಲಿ ತೆರಬೇಕಾದ ಹಣ ಕಾರಿನ ಬೆಲೆಯನ್ನೇ ಮೀರುತ್ತದೆ.

ಅಮೆರಿಕದ ಕಾರು ಚಕ್ರದ ಪರೀಕ್ಷೆಯಲ್ಲಿಯೇ ಸೋಲುತ್ತದೆ, ಕೊಲ್ಲಿ ರಾಷ್ಟ್ರಗಳದ್ದೂ ಅಷ್ಟೆ. ಇಂಗ್ಲೆಂಡಿನಲ್ಲಿ ಚಕ್ರ ಬಲಕ್ಕೇ ಇದೆ, ಆದರೆ ಅಲ್ಲಿಯ ರಸ್ತೆಗಳ ಅಳತೆ ಇನ್ನೂ ಮೈಲಿಯಲ್ಲಿ. ಪ್ರವಾಸಿಯಾಗಿ ಬಂದು ಕೆಲವು ತಿಂಗಳಲ್ಲಿ ಕಾರನ್ನು ಮರಳಿ ಒಯ್ಯುವವನಿಗೆ ಬೇರೆ ಪತ್ರದ ಏರ್ಪಾಡುಂಟು. ನೆಲಸಲು ಬರುವವನಿಗೆ ಅದರಿಂದ ಪ್ರಯೋಜನವಿಲ್ಲ.

ಹೋಗುವವನ ಪಾಡೂ ಇದಕ್ಕಿಂತ ಮೇಲಲ್ಲ. ಕೆ.ಎ. 18 ಎಂಬ ಚಿಕ್ಕಮಗಳೂರಿನ ಅಂಕಿ ಹೊತ್ತ ಹೊಸ ಕಾರನ್ನು ಅಮೆರಿಕಕ್ಕೆ ಒಯ್ಯುವೆನೆಂದರೆ, ಆ ದೇಶದ ಸುರಕ್ಷತಾ ನಿಯಮಗಳಿಗೆ ಅನುಸಾರವಾಗಿ ತಯಾರಾಗಿರದ ಗಾಡಿಯನ್ನು ಅವರು ಒಳಗೆ ಬಿಡರು. ಆ ನಿಯಮದಿಂದ ವಿನಾಯಿತಿ ಬೇಕಾದರೆ ಗಾಡಿಗೆ 25 ವರ್ಷ ತುಂಬಿರಬೇಕು! ಒಂದು ದೇಶ ಮೂರು ವರ್ಷ ಮೀರಬಾರದೆನ್ನುತ್ತದೆ, ಇನ್ನೊಂದು ಇಪ್ಪತ್ತೈದು ತುಂಬಲಿ ಎನ್ನುತ್ತದೆ. ಕೊಟ್ಟಿಗೆಯ ಮೂಲೆಯಲ್ಲಿ ಕೋಳಿ ಕಾವು ಕೂರುವ ಅಜ್ಜನ ಅಂಬಾಸಿಡರ್ ಕಾರಿಗೆ ಅಮೆರಿಕದ ಬಾಗಿಲು ತೆರೆದಿದೆ; ಮೊಮ್ಮಗನ ಹೊಸ ಕಾರಿಗೆ ಇಲ್ಲ.

ಇದರಲ್ಲಿ ಇನ್ನೊಂದು ಸೋಜಿಗವುಂಟು. ಕೊಪ್ಪ, ಶೃಂಗೇರಿಗಳ ಕೊರಕಲು ದಾರಿಗಳನ್ನು ಮೊದಲು ಪಳಗಿಸಿದ ಗಾಡಿ ಜೀಪು. ಎರಡನೆಯ ಮಹಾಯುದ್ಧಕ್ಕೆಂದು ಅಮೆರಿಕದಲ್ಲಿ ಹುಟ್ಟಿ, ಬಳಿಕ ಮುಂಬಯಿಯ ಮಹೀಂದ್ರ ಕಂಪನಿಯ ಕೈಯಲ್ಲಿ ಇಲ್ಲಿ ಜೋಡಣೆಗೊಂಡ ಜಾತಿ ಅದು. ಮೊದಮೊದಲು ಬಂದವುಗಳ ಚಕ್ರ ಎಡಗಡೆಗೇ ಇತ್ತು. ಆ ಎಡಗೈ ಗಾಡಿಗಳು ಅಡಿಕೆ ಮೂಟೆಯನ್ನೂ ಬಾಣಂತಿಯನ್ನೂ ಹೊತ್ತವು. ಹಳ್ಳ ಉಕ್ಕಿದಾಗ ಸೊಂಟದುದ್ದ ನೀರಿನಲ್ಲಿಳಿದು ದಡ ಸೇರಿದವು. ಇಂದಿನ ನಿಯಮದ ಮುಂದೆ ನಿಲ್ಲಿಸಿದರೆ ಅವೂ ಬಂದರಿನಿಂದಲೇ ಹಿಂದಿರುಗಬೇಕಾಗುತ್ತಿತ್ತು.

ಶೃಂಗೇರಿಯಲ್ಲಿ ತುಂಗೆ ತಿಳಿಯಾಗಿ ಹರಿಯುತ್ತಾಳೆ. ವಿದ್ಯಾಶಂಕರ ದೇವಾಲಯದ ಹನ್ನೆರಡು ರಾಶಿಕಂಬಗಳನ್ನು ನೋಡಿ ಬಂದವರು ಹೊಳೆಯ ಮೀನುಗಳಿಗೆ ಮಂಡಕ್ಕಿ ಎರಚುತ್ತಾರೆ. ಹೊಸ ವಾಹನ ಕೊಂಡವರು ಶಾರದೆಯ ಸನ್ನಿಧಿಗೆ ಅದನ್ನು ತಂದು, ಗಾಲಿಯಡಿ ನಿಂಬೆಹಣ್ಣಿಟ್ಟು ಮುಂದೆ ಚಲಿಸಿದಾಗಲೇ ಅದು ಮನೆಯ ಗಾಡಿಯಾಗುವುದು. ಸಮುದ್ರದಾಚೆಯ ಕಾರಿಗೆ ಆ ಭಾಗ್ಯವಿಲ್ಲ.

ಹರಿಹರಪುರದ ಮೇಲೆ ಕೊಪ್ಪಕ್ಕೆ ಬಂದು ನರಸಿಂಹರಾಜಪುರದ ದಾರಿ ಹಿಡಿದರೆ ತುಂಗೆಯ ಸೀಮೆ ಮುಗಿದು ಭದ್ರೆಯ ಸೀಮೆ ಮೊದಲಾಗುತ್ತದೆ. ಎಡೇಹಳ್ಳಿಯೆಂಬ ಹಳೆಯ ಹೆಸರನ್ನು ಬಿಟ್ಟು ಮೈಸೂರಿನ ಯುವರಾಜರ ಹೆಸರನ್ನು ಪಡೆದ ಊರು ಇದು. ತರೀಕೆರೆಯಿಂದ ಇಲ್ಲಿಗೆ ಸಣ್ಣ ಹಳಿಯ ಟ್ರಾಮು ಓಡುತ್ತಿತ್ತು. ಈಗ ಹಳಿಯೂ ಇಲ್ಲ, ಸಿಳ್ಳೂ ಇಲ್ಲ. ಲಕ್ಕವಳ್ಳಿಯ ಅಣೆಕಟ್ಟಿನ ಹಿನ್ನೀರು ಊರಿನ ಸಮೀಪಕ್ಕೆ ಚಾಚಿ ನಿಂತಿದೆ. ಕಾಡು ಕಡಿದು ಗದ್ದೆ ತೋಟ ಮಾಡಲು ಕೇರಳದಿಂದ ಬಂದ ಮನೆತನಗಳು ಈ ತಾಲ್ಲೂಕಿನಲ್ಲಿ ಬಹಳ. ಅವರ ಅಡಿಗೆಮನೆಯಲ್ಲಿ ಇಂದಿಗೂ ಮರಗೆಣಸು ಬೇಯುತ್ತದೆ. ಹೊಲದಲ್ಲಿ ಅದರ ಕಡ್ಡಿಯನ್ನು ಊರಿದರಾಯಿತು, ಚಿಗುರುತ್ತದೆ. ಕಾರಿನ ಸ್ವಭಾವ ಹಾಗಲ್ಲ. ಅದು ಬೇರಿಳಿಸುವ ನೆಲವನ್ನು ಸುಂಕದ ಅಧಿಕಾರಿ ತೋರಿಸಿಕೊಡಬೇಕು.

ಆದುದರಿಂದ ಹೆಚ್ಚಿನವರು ಕಾರನ್ನು ಅಲ್ಲಿಯೇ ಮಾರುತ್ತಾರೆ. ಕೊಂಡವನು ಕೀಲಿಕೈ ಪಡೆದು ಹೊರಟ ಮೇಲೆ ಮಕ್ಕಳು ಖಾಲಿ ಜಾಗವನ್ನು ನೋಡುತ್ತ ನಿಲ್ಲುತ್ತಾರೆ. ಕೆಲವು ದಿನಗಳ ಬಳಿಕ ಅದೇ ಮಕ್ಕಳು ಬಜಪೆಯ ವಿಮಾನ ನಿಲ್ದಾಣದಲ್ಲಿಳಿದು, ಬಾಡಿಗೆಯ ಕಾರಿನಲ್ಲಿ ಘಟ್ಟವೇರಿ, ಎಸ್.ಕೆ. ಬಾರ್ಡರಿನ ಹಲಗೆಯನ್ನು ಕೂಡಿಸಿ ಓದಿ ಇದು ಯಾವ ದೇಶದ ಗಡಿಯೆಂದು ಕೇಳುತ್ತಾರೆ. ಮುಖ್ಯರಸ್ತೆ ಮುಗಿದು ತೋಟದ ಮಣ್ಣುದಾರಿ ತೊಡಗುವಲ್ಲಿ ಬಾಡಿಗೆಯವನು ಮುಂದೆ ಬರಲೊಲ್ಲ. ಅಲ್ಲಿ ಉಣುಗೋಲಿನ ಪಕ್ಕದಲ್ಲಿ, ಕೆಸರು ಮೆತ್ತಿದ ಜೀಪಿನೊಡನೆ ಅಜ್ಜಯ್ಯ ಆಗಲೇ ಬಂದು ಕಾಯುತ್ತಿರುತ್ತಾರೆ.