ಓದು ಬಾರದ ಊರಿನಲ್ಲಿ ತಾತ, ಮೊಮ್ಮಗ

ಬ್ಯಾಂಕಾಕಿಗೆ ಹೊರಡುವ ಹಿಂದಿನ ರಾತ್ರಿ ಮೊಮ್ಮಗ ಪುಟ್ಟನನ್ನು ಎದುರಿಗೆ ಕೂರಿಸಿಕೊಂಡು ಒಂದು ನಿಯಮ ಹೇಳಿಕೊಟ್ಟೆ. "ಜನಜಂಗುಳಿಯಲ್ಲಿ ನಮ್ಮಿಂದ ತಪ್ಪಿಸಿಕೊಂಡರೆ ಅತ್ತಿತ್ತ ಓಡಬೇಡ. ಎಲ್ಲಿ ತಪ್ಪಿತೋ ಅಲ್ಲೇ ನಿಲ್ಲು. ಹುಡುಕಿಕೊಂಡು ಬರುವುದು ನಮ್ಮ ಕೆಲಸ." ಐದನೇ ಕ್ಲಾಸಿನ ಹುಡುಗ, ಮೂರು ಸಲ ಬಾಯಿಪಾಠ ಒಪ್ಪಿಸಿದ.

ಕೊನೆಗೆ ತಪ್ಪಿಸಿಕೊಂಡವನು ಅವನಲ್ಲ, ನಾನು! ಆ ಕಥೆ ಹೇಳುತ್ತಲೇ, ತಾತ ಅಜ್ಜಿಯರೂ ಮಕ್ಕಳೂ ಜೊತೆಯಾಗಿ ಆ ಊರಿಗೆ ಹೋದರೆ ಏನೇನು ತಿಳಿದಿರಬೇಕು ಎಂಬುದನ್ನೂ ಹೇಳುತ್ತೇನೆ.

ಹೊರಡುವ ಮುಂಚೆ

ಬೆಂಗಳೂರಿನಿಂದ ನೇರ ವಿಮಾನದಲ್ಲಿ ಹೆಚ್ಚುಕಡಿಮೆ ನಾಲ್ಕು ಗಂಟೆಯ ಪ್ರಯಾಣ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದೆ. ನವೆಂಬರಿನಿಂದ ಫೆಬ್ರವರಿಯವರೆಗೆ ಬಿಸಿಲು ತಡೆದುಕೊಳ್ಳುವಂತಿರುತ್ತದೆ. ನಾವು ಹೋದದ್ದು ಜನವರಿಯಲ್ಲಿ. ಏಪ್ರಿಲ್ ಎಂದರೆ ಕಾದ ಹೆಂಚು. ಆ ತಿಂಗಳ 13ರಿಂದ 15ರವರೆಗೆ ಅವರ ಹೊಸ ವರ್ಷದ ಹಬ್ಬ, ಹೆಸರು ಸೊಂಗ್‌ಕ್ರಾನ್. ನಮ್ಮ 'ಸಂಕ್ರಾಂತಿ'ಯೇ ಅಲ್ಲಿ ಹಾಗಾಗಿದೆ. ಬೀದಿಬೀದಿಯಲ್ಲಿ ನೀರೆರಚಾಟ. ಮಕ್ಕಳಿಗೆ ಸ್ವರ್ಗ, ನಮ್ಮ ಮೊಣಕಾಲಿಗೆ ಕಷ್ಟ.

ವೀಸಾ ನಿಯಮಗಳು ಆಗಾಗ ಬದಲಾಗುತ್ತವೆ. ಟಿಕೆಟ್ ಕೊಳ್ಳುವ ಮುಂಚೆ ಥಾಯ್ ರಾಯಭಾರ ಕಚೇರಿಯ ಜಾಲತಾಣ ನೋಡಿಕೊಳ್ಳಿ. ಆ ದೇಶ ತಲುಪುವ ಮುಂಚಿನ ಮೂರು ದಿನಗಳೊಳಗೆ ಒಂದು ಆಗಮನ ಪತ್ರವನ್ನು ಆನ್‌ಲೈನಿನಲ್ಲಿ ತುಂಬಬೇಕು. ಅದಕ್ಕೆ ಶುಲ್ಕವಿಲ್ಲ. ದುಡ್ಡು ಕೇಳುವ ತಾಣ ಕಂಡರೆ ಅದು ಸರ್ಕಾರದ್ದಲ್ಲ ಎಂದು ತಿಳಿಯಿರಿ. ಎಪ್ಪತ್ತು ದಾಟಿದವರು ಪ್ರಯಾಣ ವಿಮೆ ಮಾಡಿಸಲೇಬೇಕು. ಮಾತ್ರೆಗಳು, ಡಾಕ್ಟರ ಚೀಟಿ ಎರಡೂ ಕೈಚೀಲದಲ್ಲೇ ಇರಲಿ.

ಅಲ್ಲಿಯ ಹಣ ಬಾತ್. ಒಂದು ಬಾತ್‌ಗೆ ಸುಮಾರು ಮೂರು ರೂಪಾಯಿ ಎಂದಿಟ್ಟುಕೊಂಡರೆ ಲೆಕ್ಕ ಸುಲಭ. ವಿಮಾನ ನಿಲ್ದಾಣದಲ್ಲಿ ಮೊದಲ ದಿನದ ಖರ್ಚಿಗಷ್ಟೇ ಬದಲಾಯಿಸಿ, ಉಳಿದದ್ದನ್ನು ಊರೊಳಗೆ ಎರಡು ಮೂರು ಕಡೆ ದರ ಕೇಳಿ ಬದಲಾಯಿಸಿಕೊಳ್ಳಿ. ಕೌಂಟರ್ ಬಿಡುವ ಮುಂಚೆ ಎಣಿಸಿ. ಇದು ನನ್ನ ಹಳೆಯ ಕಸುಬಿನ ಬುದ್ಧಿ.

ಇನ್ನೊಂದು ಮುಖ್ಯ ಮಾತು. ಹೋಟೆಲಿಗೆ ಕಾಲಿಟ್ಟ ಕೂಡಲೇ ಅವರ ವಿಳಾಸದ ಕಾರ್ಡು ಕೇಳಿ ಪಡೆಯಿರಿ. ಅದರಲ್ಲಿ ಥಾಯ್ ಲಿಪಿಯಲ್ಲಿ ವಿಳಾಸ, ಫೋನ್ ನಂಬರ್ ಇರಬೇಕು. ಮನೆಮಂದಿಯೆಲ್ಲರ ಜೇಬಿನಲ್ಲೂ ಒಂದೊಂದು. ನನ್ನ ಮಗಳು ಹಾಗೆಯೇ ಮಾಡಿದಳು. ಆ ಕಾರ್ಡಿನ ಬೆಲೆ ನನಗೆ ಎರಡನೇ ದಿನ ಗೊತ್ತಾಯಿತು.

ಗುರುತಿನ ಮಾತುಗಳು

ವಿಮಾನ ನಿಲ್ದಾಣದ ಹೆಸರು ಸುವರ್ಣಭೂಮಿ. ಅಲ್ಲಿಯವರ ಬಾಯಲ್ಲಿ 'ಸುವನ್ನಪೂಮ್'. ಒಳಗೆ ಸಮುದ್ರಮಥನದ ದೊಡ್ಡ ಶಿಲ್ಪವಿದೆ. ವಾಪಸು ಬರುವಾಗ ನೋಡಲು ಮರೆಯಬೇಡಿ. ಊರನ್ನು ಅಲ್ಲಿಯವರು ಬ್ಯಾಂಕಾಕ್ ಎನ್ನುವುದಿಲ್ಲ, 'ಕ್ರುಂಗ್ ಥೇಪ್' ಎನ್ನುತ್ತಾರೆ. ದೇವರ ನಗರ ಎಂದರ್ಥ.

ಮಕ್ಕಳೇ, ಇಲ್ಲೊಂದು ಆಟವಿದೆ. ಸಂಸ್ಕೃತ, ಪಾಳಿ ಭಾಷೆಗಳಿಂದ ಥಾಯ್ ಭಾಷೆಗೆ ಹೋದ ಮಾತುಗಳು ಬಹಳ. ಆಹಾರ ಅಲ್ಲಿ 'ಆಹಾನ್', ಭಾಷೆ 'ಫಾಸಾ', ವೇಳೆ 'ವೇಲಾ'. ನಮಸ್ಕಾರಕ್ಕೆ 'ಸವಾದೀ' ಎನ್ನುತ್ತಾರೆ, ಅದು ನಮ್ಮ 'ಸ್ವಸ್ತಿ'. ಕೊನೆಯಲ್ಲಿ ಗಂಡಸರು 'ಖ್ರಾಪ್', ಹೆಂಗಸರು 'ಖಾ' ಸೇರಿಸಿದರೆ ಮರ್ಯಾದೆಯ ಮಾತು. ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಬ್ಯಾಂಕಿಗೆ ಅವರಿಟ್ಟ ಹೆಸರು, 'ಥನಾಖಾನ್'. ಎಂದರೆ ಧನಾಗಾರ! ಮೂವತ್ತೇಳು ವರ್ಷ ಧನಾಗಾರದಲ್ಲಿ ಗುಮಾಸ್ತನಾಗಿದ್ದೆ ಎಂದುಕೊಂಡಾಗ ನಿವೃತ್ತಿಯ ನಂತರ ಬಡ್ತಿ ಸಿಕ್ಕ ಹಾಗಾಯಿತು.

ಅಂಗಡಿಯ ರಸೀದಿಯೊಂದರಲ್ಲಿ 2569 ಎಂಬ ಇಸವಿ ಕಂಡು ಪುಟ್ಟ ಬೆಚ್ಚಿದ. ಅಲ್ಲಿ ಬುದ್ಧನ ಶಕೆ ನಡೆಯುತ್ತದೆ. 543 ಕಳೆದರೆ ನಮ್ಮ ಇಸವಿ ಬರುತ್ತದೆ. ಆಮೇಲೆ ಸಿಕ್ಕ ಸಿಕ್ಕ ರಸೀದಿಯನ್ನೆಲ್ಲ ಕಳೆಯುವುದೇ ಅವನ ಕೆಲಸವಾಯಿತು.

ಊಟ, ನಡವಳಿಕೆ

ಸಸ್ಯಾಹಾರಿಗಳು ಹೆದರಬೇಕಿಲ್ಲ, ಆದರೆ ಎಚ್ಚರ ಬೇಕು. ಬರೀ ತರಕಾರಿಯಂತೆ ಕಾಣುವ ಪಲ್ಯಕ್ಕೂ 'ನಾಮ್ ಪ್ಲಾ' ಎಂಬ ಮೀನಿನ ರಸ ಬೀಳುತ್ತದೆ. 'ಮಾಂಗ್ಸವಿರತ್' ಎಂಬ ಮಾತು ಕಲಿತುಕೊಳ್ಳಿ. ಅದು ಮಾಂಸ ವಿರತಿ, ಸಸ್ಯಾಹಾರ ಎಂದರ್ಥ. ಹಳದಿ ಬಾವುಟದಲ್ಲಿ ಕೆಂಪು ಅಕ್ಷರದ 'ಜೇ' ಗುರುತಿದ್ದರೆ ಅಲ್ಲಿ ಮಾಂಸ, ಮೊಟ್ಟೆ, ಹಾಲು, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇಲ್ಲ. ಪಾಹುರಾತ್ ಎಂಬ ಕಡೆ ಭಾರತೀಯರ ಅಂಗಡಿ, ಊಟದ ಮನೆಗಳಿವೆ. ಕುಡಿಯಲು ಬಾಟಲಿ ನೀರು. ಮನೆಯವಳು ಮೊಣಕಾಲು ನೋವೆಂದು ಮೈಸೂರಿನಲ್ಲೇ ಉಳಿದರೂ ಅವಳ ಚಟ್ನಿಪುಡಿ ನಮ್ಮ ಜೊತೆ ಬಂದಿತ್ತು.

ನಮ್ಮಂಥ ಹಿರಿಯರು ಒಂದು ಅಭ್ಯಾಸ ಬಿಡಬೇಕು. ಮುದ್ದಾದ ಮಗು ಕಂಡರೆ ತಲೆ ಸವರುತ್ತೇವಲ್ಲ, ಅಲ್ಲಿ ಸವರಬಾರದು. ತಲೆ ಪವಿತ್ರ ಎಂಬುದು ಅವರ ಭಾವನೆ. ಬುದ್ಧನ ಮುಂದೆ ಕಾಲು ಚಾಚಿ ಕೂರಬಾರದು. ಹೆಂಗಸರು ಭಿಕ್ಷುಗಳನ್ನು ಮುಟ್ಟಬಾರದು. ರಾಜಮನೆತನದ ಬಗ್ಗೆ ತಮಾಷೆಗೂ ಹಗುರವಾಗಿ ಮಾತಾಡಬಾರದು, ಅದು ಅಪರಾಧ. ಬೆಳಗ್ಗೆ ಎಂಟಕ್ಕೆ, ಸಂಜೆ ಆರಕ್ಕೆ ರೈಲು ನಿಲ್ದಾಣ, ಪಾರ್ಕುಗಳಲ್ಲಿ ರಾಷ್ಟ್ರಗೀತೆ ಕೇಳಿಸುತ್ತದೆ. ಎಲ್ಲರೂ ನಿಂತಲ್ಲೇ ನಿಲ್ಲುತ್ತಾರೆ. ನಾವೂ ನಿಲ್ಲಬೇಕು.

ದಿನಕ್ಕೆ ಒಂದೇ ದೊಡ್ಡ ಜಾಗ

ಎಲ್ಲವನ್ನೂ ನೋಡಿಬಿಡಬೇಕೆಂಬ ಆಸೆ ಬೇಡ. ಬೆಳಗ್ಗೆ ಒಂದು ದೊಡ್ಡ ಜಾಗ, ಮಧ್ಯಾಹ್ನ ನಿದ್ದೆ, ಸಂಜೆ ಒಂದು ಸಣ್ಣ ಸುತ್ತಾಟ. ಏಳು ವರ್ಷಕ್ಕೂ ಎಪ್ಪತ್ತಕ್ಕೂ ಇದೇ ಸರಿ. ರಸ್ತೆಯಲ್ಲಿ ವಾಹನ ದಟ್ಟಣೆ ವಿಪರೀತ. ಸೇತುವೆ ಮೇಲೆ ಓಡುವ ಸ್ಕೈಟ್ರೇನ್ ಹಾಗೂ ಚಾವೊ ಫ್ರಾಯಾ ನದಿಯ ದೋಣಿ, ಇವೆರಡನ್ನು ನಂಬಿ. ಟ್ಯಾಕ್ಸಿಯಲ್ಲಿ ಮೀಟರ್ ಹಾಕಿಸಿ. ಟುಕ್‌ಟುಕ್ ಹತ್ತುವ ಮುಂಚೆಯೇ ಬಾಡಿಗೆ ಮಾತಾಡಿ.

ಎರಡನೇ ದಿನ ಅರಮನೆ. 1782ರಲ್ಲಿ ಮೊದಲನೆಯ ರಾಮ ರಾಜ ಕಟ್ಟಿಸಲು ಆರಂಭಿಸಿದ್ದು. ಟಿಕೆಟ್ 500 ಬಾತ್. ಬೆಳಗ್ಗೆ ಎಂಟೂವರೆಗೆ ಬಾಗಿಲು ತೆರೆಯುತ್ತದೆ, ಆಗಲೇ ಹೋಗಿ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ, ಚಡ್ಡಿ ಹಾಕಿದವರನ್ನು ಬಿಡುವುದಿಲ್ಲ. ದಾರಿಯಲ್ಲಿ ಸಭ್ಯನಂತೆ ಕಾಣುವವನೊಬ್ಬ "ಇವತ್ತು ಅರಮನೆ ಮುಚ್ಚಿದೆ, ಬೇರೆ ದೇವಸ್ಥಾನ ತೋರಿಸುತ್ತೇನೆ" ಎಂದರೆ ನಕ್ಕು ಮುಂದೆ ನಡೆಯಿರಿ. ಅವನು ಕರೆದೊಯ್ಯುವುದು ಹರಳಿನ ಅಂಗಡಿಗೆ.

ಒಳಗಿನ ದೇವಾಲಯದಲ್ಲಿ ಹಸಿರು ಕಲ್ಲಿನ ಬುದ್ಧ. ಎತ್ತರ 66 ಸೆಂಟಿಮೀಟರ್ ಅಷ್ಟೆ. ವರ್ಷಕ್ಕೆ ಮೂರು ಸಲ, ಋತು ಬದಲಾದಾಗ, ರಾಜನೇ ಬಂದು ವಸ್ತ್ರ ಬದಲಿಸುವ ಪದ್ಧತಿಯಿದೆ. ಆ ಗುಡಿಯೊಳಗೆ ಫೋಟೊ ತೆಗೆಯುವಂತಿಲ್ಲ. ಸುತ್ತಲಿನ ಪ್ರಾಕಾರದ ಗೋಡೆಯ ಮೇಲೆ ಅವರ ರಾಮಾಯಣವಾದ ರಾಮಕಿಯೆನ್‌ನ 178 ಚಿತ್ರಗಳು. ಹನುಮಂತ ಬೆಳ್ಳಗಿದ್ದಾನೆ, ರಾವಣ ಹಸಿರಾಗಿದ್ದಾನೆ. ರಾವಣನ ಹೆಸರು 'ಥೋತ್ಸಕನ್', ಎಂದರೆ ದಶಕಂಠ. ಪುಟ್ಟ ಬೆರಳು ತೋರಿಸಿ ಲೆಕ್ಕ ಹಾಕುತ್ತಾ ಹೊರಟ, ಇಪ್ಪತ್ತು ಹನುಮಂತರಾದ ಮೇಲೆ ಲೆಕ್ಕ ತಪ್ಪಿತು.

ತಪ್ಪಿದ ದೋಣಿ

ಮಧ್ಯಾಹ್ನ ಅರಮನೆಯ ಹತ್ತಿರದ ಥಾ ಚಾಂಗ್ ದೋಣಿ ನಿಲ್ದಾಣಕ್ಕೆ ಬಂದೆವು. ಚಾಂಗ್ ಎಂದರೆ ಆನೆ. ಕಿತ್ತಳೆ ಬಾವುಟದ ದೋಣಿ, ಎಲ್ಲಿಗೆ ಹೋದರೂ 16 ಬಾತ್. ದೋಣಿ ಬಂದು ತಾಗಿ ಅರೆ ನಿಮಿಷ ನಿಲ್ಲುವುದೇ ಹೆಚ್ಚು. ಹಿಂಬದಿಯಲ್ಲಿ ಹಗ್ಗ ಹಿಡಿದವನು ಸೀಟಿ ಊದಿದ ಎಂದರೆ ಹೊರಟಿತು. ಮಗಳು ಪುಟ್ಟನ ಕೈ ಹಿಡಿದು ಹತ್ತಿದಳು. ನಾನು ಒಬ್ಬ ಭಿಕ್ಷುವಿಗೆ ದಾರಿ ಬಿಡಲು ಒಂದು ಹೆಜ್ಜೆ ಹಿಂದೆ ಸರಿದೆ. ಸೀಟಿ ಕೇಳಿತು. ನಮ್ಮ ನಡುವೆ ಒಂದು ಮಾರು ನೀರು, ಆಮೇಲೆ ಹತ್ತು ಮಾರು. "ಅಪ್ಪಾ!" ಎಂದ ಮಗಳ ದನಿ ಎಂಜಿನ್ ಸದ್ದಿನಲ್ಲಿ ಮುಳುಗಿತು.

ನನ್ನ ಫೋನಿಗೆ ಅಲ್ಲಿಯ ಸಿಮ್ ಹಾಕಿಸಿರಲಿಲ್ಲ. "ಒಂದೇ ಸಾಕು, ಸುಮ್ಮನೆ ಖರ್ಚು" ಎಂದವನು ನಾನೇ. ಅಲ್ಲೇ ನಿಲ್ಲಬೇಕಿತ್ತು. ಎದೆ ಹೊಡೆದುಕೊಳ್ಳುತ್ತಿದ್ದಾಗ ನಿಯಮ ಎಲ್ಲಿ ನೆನಪಾಗುತ್ತದೆ? ಮುಂದಿನ ಕಿತ್ತಳೆ ಬಾವುಟ ಕಂಡದ್ದೇ ಹತ್ತಿಬಿಟ್ಟೆ. ಸ್ವಲ್ಪ ಹೊತ್ತಿಗೆ ಒಂದೇ ಕಂಬದಿಂದ ತಂತಿಗಳು ಇಳಿಬಿದ್ದ ದೊಡ್ಡ ಸೇತುವೆ ಎದುರಾಯಿತು. ಬೆಳಗ್ಗೆ ಬರುವಾಗ ಅದನ್ನು ನೋಡಿರಲೇ ಇಲ್ಲ. ದೋಣಿ ಎದುರು ದಿಕ್ಕಿಗೆ ಹೋಗುತ್ತಿತ್ತು.

ಥೇವೇತ್ ಎಂಬ ನಿಲ್ದಾಣದಲ್ಲಿ ಇಳಿದೆ. ಹೊರಗೆ ಮಾರುಕಟ್ಟೆ. ಬೋರ್ಡುಗಳೆಲ್ಲ ಥಾಯ್ ಲಿಪಿಯಲ್ಲಿ. ನಮ್ಮ ಅಕ್ಷರಗಳ ಹಾಗೇ ದುಂಡುದುಂಡಗೆ, ಆದರೆ ಒಂದೂ ಓದಲು ಬಾರದು. ಇಬ್ಬರನ್ನು ಇಂಗ್ಲಿಷಿನಲ್ಲಿ ಕೇಳಿದೆ, ನಕ್ಕು ತಲೆಯಾಡಿಸಿ ಹೋದರು. ಬಿ.ಕಾಂ. ಓದಿದ ನಾನು ಆ ಬೀದಿಯಲ್ಲಿ ನಿರಕ್ಷರಿ.

ಹಣ್ಣು ಮಾರುವ ಹೆಂಗಸೊಬ್ಬಳ ಮುಂದೆ ಜೇಬಿನ ಕಾರ್ಡು ಹಿಡಿದೆ. ಅವಳು ಓದಿದಳು, ನನ್ನ ಮುಖ ನೋಡಿದಳು, ಒಂದು ಸ್ಟೂಲು ಎಳೆದು ಕೂರಿಸಿದಳು. ಗಿರಾಕಿಗಳು ಕಾಯುತ್ತಿದ್ದರೂ ತನ್ನ ಫೋನಿನಿಂದ ಹೋಟೆಲಿಗೆ ಕರೆ ಮಾಡಿದಳು.

ಆ ಸ್ಟೂಲಿನ ಮೇಲೆ ಕೂತಾಗ ನನಗೆ ನನ್ನ ಕೌಂಟರ್ ನೆನಪಾಯಿತು. ಹಣ ತೆಗೆಯುವ ಸ್ಲಿಪ್ ಹಿಡಿದು ಬರುತ್ತಿದ್ದ ಹಳ್ಳಿಯ ಮುದುಕರು. "ಸ್ವಾಮಿ, ಕನ್ನಡಕ ತಂದಿಲ್ಲ, ಒಸಿ ಬರ್ಕೊಡಿ." ಕನ್ನಡಕ ಬರೀ ನೆಪ, ಓದು ಬರುತ್ತಿರಲಿಲ್ಲ. ಅದು ನನಗೂ ಗೊತ್ತಿತ್ತು. ಕ್ಯೂ ಉದ್ದವಿದ್ದ ದಿನ ತಲೆ ಎತ್ತದೆಯೇ "ಹೊರಗೆ ಯಾರ ಹತ್ತಿರಾನಾದರೂ ಬರೆಸಿಕೊಂಡು ಬಾ" ಎಂದದ್ದುಂಟು. ಬನ್ನಿ ಎಂದೂ ಅಲ್ಲ, ಬಾ. ಅವರಿಗೆ ಹೇಗಾಗಿರಬೇಕು ಎಂದು ತಿಳಿಯಲು ನಾನು ಸಮುದ್ರ ದಾಟಬೇಕಾಯಿತು.

ಹೋಟೆಲಿನವರು ಮಗಳಿಗೆ ಫೋನ್ ಮಾಡಿ, ನಾನು ಮತ್ತೆ ಥಾ ಚಾಂಗ್‌ಗೇ ಬರಬೇಕೆಂದು ತಿಳಿಸಿದರು. ಆ ಹೆಂಗಸು ಅಂಗಡಿಯನ್ನು ಪಕ್ಕದವಳಿಗೆ ಒಪ್ಪಿಸಿ, ನನ್ನ ಜೊತೆ ದೋಣಿಯವರೆಗೂ ಬಂದು, ಕಂಡಕ್ಟರಿಗೆ ಏನೋ ಹೇಳಿ ಹತ್ತಿಸಿದಳು. ಹಣ ಕೊಡಲು ಹೋದರೆ ಕೈಯಾಡಿಸಿ "ಮೈ ಪೆನ್ ರೈ" ಎಂದಳು. ಪರವಾಗಿಲ್ಲ ಬಿಡಿ, ಎಂದರ್ಥ.

ಥಾ ಚಾಂಗ್‌ನಲ್ಲಿ ಪುಟ್ಟ ಕಂಬ ಹಿಡಿದು ನಿಂತಿದ್ದ. ಕಣ್ಣು ಕೆಂಪಗಾಗಿತ್ತು.

"ತಾತ, ತಪ್ಪಿದ ಜಾಗದಲ್ಲೇ ನಿಲ್ಲಬೇಕು ಅಂತ ನೀನೇ ಹೇಳಿದ್ದಲ್ವಾ? ನಾವು ಮುಂದಿನ ಸ್ಟಾಪಲ್ಲಿ ಇಳಿದು ಇಲ್ಲಿಗೇ ಬಂದ್ವಿ. ನೀನೇ ಇರ್ಲಿಲ್ಲ."

"ತಪ್ಪಾಯ್ತು ಕಂದ" ಎಂದೆ. ಬೇರೇನು ಹೇಳಲಿ?

ಆಮೇಲೆ

ಸಂಜೆಯೇ ನನ್ನ ಫೋನಿಗೂ ಸಿಮ್ ಬಂತು. ಪ್ರವಾಸಿ ಪೊಲೀಸರ ನಂಬರ್ 1155 ಅನ್ನು ಮೂವರೂ ಕಾರ್ಡಿನ ಹಿಂದೆ ಬರೆದುಕೊಂಡೆವು. ದೋಣಿ ಹತ್ತುವಾಗ ಮೊದಲು ತಾತ, ನಡುವೆ ಹುಡುಗ, ಕೊನೆಗೆ ಮಗಳು ಎಂದು ಪುಟ್ಟ ಹೊಸ ನಿಯಮ ಮಾಡಿದ. ನಾನು ಮೂರು ಸಲ ಬಾಯಿಪಾಠ ಒಪ್ಪಿಸಿದೆ.

ಉಳಿದ ದಿನಗಳಲ್ಲಿ ವಾಟ್ ಫೋದಲ್ಲಿ ಮಲಗಿರುವ 46 ಮೀಟರ್ ಉದ್ದದ ಬುದ್ಧನನ್ನು ನೋಡಿದೆವು. ಅವನ ಅಂಗಾಲಿನಲ್ಲಿ ಮುತ್ತಿನ ಚಿಪ್ಪಿನಿಂದ ಮಾಡಿದ 108 ಮಂಗಳ ಚಿಹ್ನೆಗಳು, ಬೆನ್ನ ಹಿಂದೆ ಕಾಸು ಹಾಕಲು 108 ಕಂಚಿನ ಬಟ್ಟಲು. ಆ ಠಣ್ ಠಣ್ ಸದ್ದು ಈಗಲೂ ಕಿವಿಯಲ್ಲಿದೆ. ಲುಂಫಿನಿ ಪಾರ್ಕಿನಲ್ಲಿ (ಬುದ್ಧ ಹುಟ್ಟಿದ ಲುಂಬಿನಿಯದೇ ಹೆಸರು) ಕೆರೆಯಿಂದೆದ್ದು ಆರಾಮವಾಗಿ ನಡೆದಾಡುವ ದೊಡ್ಡ ಉಡಗಳನ್ನು ದೂರದಿಂದ ನೋಡಿದೆವು. ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ, ಟಿಕೆಟ್ಟೂ ಇಲ್ಲ.

ಈಗ ತಿಂಗಳಿಗೊಮ್ಮೆ ಪಿಂಚಣಿಗೆಂದು ಬ್ಯಾಂಕಿಗೆ ಹೋಗುವಾಗ ಜೇಬಿನಲ್ಲಿ ಪೆನ್ನು ಇಟ್ಟುಕೊಂಡು, ಅರ್ಧ ಗಂಟೆ ಹೆಚ್ಚಿಗೆ ಕೂತಿರುತ್ತೇನೆ. ಯಾರಾದರೂ ಕನ್ನಡಕ ತಂದಿಲ್ಲ ಎಂದರೆ "ಬನ್ನಿ, ಕೂತ್ಕೊಳ್ಳಿ" ಎಂದು ಪಕ್ಕದಲ್ಲಿ ಜಾಗ ಮಾಡುತ್ತೇನೆ. ಹೋಟೆಲಿನ ಆ ಕಾರ್ಡು ಇನ್ನೂ ನನ್ನ ಪಾಸ್‌ಬುಕ್ಕಿನೊಳಗೇ ಇದೆ.