ಹಿಡಿದದ್ದನ್ನು ಬಿಟ್ಟವನು

2006ರ ಅಕ್ಟೋಬರ್ 21. ಅಮೆರಿಕದ ಇಂಡಿಯಾನಾ ರಾಜ್ಯದ ನೋಟರ್ ಡೇಮ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಮೈದಾನದಲ್ಲಿ ಸುಮಾರು 80 ಸಾವಿರ ಜನ. ಎದುರಾಳಿ ಯುಸಿಎಲ್‌ಎ ತಂಡ ನಾಲ್ಕು ಅಂಕ ಮುಂದಿದೆ, ಉಳಿದಿರುವುದು ಒಂದು ನಿಮಿಷಕ್ಕೂ ಕಡಿಮೆ. ಬ್ರೇಡಿ ಕ್ವಿನ್ ಎಸೆದ ಚೆಂಡನ್ನು ಜೆಫ್ ಸಮಾರ್ಜಾ ಹಿಡಿದು, ಅಡ್ಡ ಬಂದವರಿಂದ ತಪ್ಪಿಸಿಕೊಂಡು ಗೆರೆ ದಾಟಿದ. 45 ಗಜದ ಟಚ್‌ಡೌನ್. ಇನ್ನು 27 ಸೆಕೆಂಡ್ ಬಾಕಿ ಇರುವಾಗ ಸ್ಕೋರು 20–17.

ಅಮೆರಿಕನ್ ಫುಟ್‌ಬಾಲಿನಲ್ಲಿ ರಿಸೀವರ್‌ನ ಕೆಲಸ ಹೇಳುವುದಕ್ಕೆ ಸುಲಭ: ಓಡಬೇಕು, ದೂರದಿಂದ ಬಂದ ಚೆಂಡನ್ನು ಹಿಡಿಯಬೇಕು. ಕಷ್ಟವಿರುವುದು ಹಿಡಿಯುವ ಕ್ಷಣದಲ್ಲಿ. ಕೈ ಮೇಲಿರುತ್ತದೆ, ಕಣ್ಣು ಚೆಂಡಿನ ಮೇಲಿರುತ್ತದೆ, ಪಕ್ಕೆಗೆ ಯಾರು ಬಂದು ಗುದ್ದುತ್ತಾರೋ ಗೊತ್ತಿರುವುದಿಲ್ಲ.

ಈ ಕೆಲಸದಲ್ಲಿ ಸಮಾರ್ಜಾ ಮೊದಲಿನಿಂದಲೂ ಹೆಸರು ಮಾಡಿದವನಲ್ಲ. ಕಾಲೇಜಿನ ಮೊದಲ ವರ್ಷ ಹಿಡಿದದ್ದು 7, ಎರಡನೇ ವರ್ಷ 17; ಟಚ್‌ಡೌನ್ ಒಂದೂ ಇಲ್ಲ. 2005ರಲ್ಲಿ ಚಾರ್ಲಿ ವೈಸ್ ಕೋಚ್ ಆಗಿ ಬಂದರು. ಆ ವರ್ಷ 77 ಕ್ಯಾಚ್, 1,249 ಗಜ, 15 ಟಚ್‌ಡೌನ್. ಗಜ, ಟಚ್‌ಡೌನ್ ಎರಡೂ ಆಗ ವಿಶ್ವವಿದ್ಯಾಲಯದ ದಾಖಲೆಗಳು. ಮರುವರ್ಷ 78 ಕ್ಯಾಚ್, ಇನ್ನೂ 12 ಟಚ್‌ಡೌನ್.

ಆದರೆ ಅವನಿಗೆ ಇನ್ನೊಂದು ಆಟವಿತ್ತು. ಚಳಿಗಾಲಕ್ಕೆ ಮುಂಚೆ ಫುಟ್‌ಬಾಲ್, ವಸಂತದಲ್ಲಿ ಬೇಸ್‌ಬಾಲ್. ಅಲ್ಲಿ ಅವನು ಹಿಡಿಯುವವನಲ್ಲ, ಎಸೆಯುವವನು. 2006ರ ಜೂನ್‌ನಲ್ಲಿ ಶಿಕಾಗೋ ಕಬ್ಸ್ ತಂಡ ಅವನನ್ನು ಐದನೇ ಸುತ್ತಿನಲ್ಲಿ ಆರಿಸಿಕೊಂಡಿತು. ಆ ಬೇಸಿಗೆಯಲ್ಲಿ ಕಬ್ಸ್‌ನ ಕೆಳಹಂತದ ತಂಡಗಳಿಗೆ ವೃತ್ತಿಪರನಾಗಿ ಆಡಿ, ಶರತ್ಕಾಲಕ್ಕೆ ಕಾಲೇಜು ಫುಟ್‌ಬಾಲಿಗೆ ಮರಳಿದ. ಒಂದು ಆಟದಲ್ಲಿ ವೃತ್ತಿಪರನಾದವನು ಇನ್ನೊಂದರಲ್ಲಿ ಹವ್ಯಾಸಿಯಾಗಿರಲು ಅಲ್ಲಿನ ನಿಯಮ ಬಿಡುತ್ತಿತ್ತು. 80 ಸಾವಿರ ಜನ ಟಿಕೆಟ್ ಕೊಂಡು ನೋಡುತ್ತಿದ್ದ ಆಟಕ್ಕೆ ಆಗ ಸಂಬಳವಿರಲಿಲ್ಲ. ಸಣ್ಣ ಊರಿನ ಸಣ್ಣ ಮೈದಾನದ ಆಟಕ್ಕೆ ಇತ್ತು.

ಎನ್‌ಎಫ್‌ಎಲ್‌ನ ಮೊದಲ ಸುತ್ತಿನಲ್ಲೇ ಅವನ ಹೆಸರು ಬರುತ್ತದೆಂದು ಬಲ್ಲವರು ಹೇಳುತ್ತಿದ್ದರು. 2007ರ ಜನವರಿಯಲ್ಲಿ ಅವನು ಕಬ್ಸ್ ಜೊತೆ ಐದು ವರ್ಷಕ್ಕೆ ಒಂದು ಕೋಟಿ ಡಾಲರ್‌ನ ಒಪ್ಪಂದಕ್ಕೆ ಸಹಿ ಹಾಕಿ ಫುಟ್‌ಬಾಲ್ ಬಿಟ್ಟ.

ಇದು ಹುಂಬತನವೆಂದು ಅನ್ನಿಸಿದವರೂ ಇದ್ದರು. ಆದರೆ ಬೇಸ್‌ಬಾಲಿನಲ್ಲಿ ಬರೆದುಕೊಟ್ಟ ಹಣ ಬಹುಮಟ್ಟಿಗೆ ಖಾತ್ರಿ. ಫುಟ್‌ಬಾಲಿನಲ್ಲಿ ಗಾಯವಾದರೆ ಒಪ್ಪಂದದ ಬಹುಪಾಲು ಕಾಗದದಲ್ಲೇ ಉಳಿಯಬಹುದು. ಅವನು ದಾಖಲೆ ಬರೆದ 2005ರಲ್ಲೇ, ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟು ಫುಟ್‌ಬಾಲ್ ಆಟಗಾರನೊಬ್ಬನ ಮೆದುಳಿಗೆ ಮಾಡಿದ ಹಾನಿಯನ್ನು ಬೆನೆಟ್ ಒಮಾಲು ಎಂಬ ವೈದ್ಯರು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ದರು.

ಬಿಟ್ಟದ್ದಕ್ಕೆ ಬೆಲೆಯೂ ತೆರಬೇಕಾಯಿತು. 2008ರಲ್ಲಿ ಮೇಲಿನ ಹಂತಕ್ಕೆ ಬಂದರೂ ಕೆಲವು ವರ್ಷ ಮೇಲೆ ಕೆಳಗೆ ಓಡಾಟ ತಪ್ಪಲಿಲ್ಲ. 2014ರಲ್ಲಿ ಕಬ್ಸ್ ಅವನನ್ನು ಓಕ್‌ಲೆಂಡ್‌ಗೆ ಕೊಟ್ಟು, ಅಡಿಸನ್ ರಸೆಲ್ ಎಂಬ ಎಳೆಯ ಆಟಗಾರನನ್ನು ಪಡೆಯಿತು. 2016ರ ಪ್ಲೇಆಫ್‌ನಲ್ಲಿ ಸಮಾರ್ಜಾ ಸ್ಯಾನ್ ಫ್ರಾನ್ಸಿಸ್ಕೋ ಪರವಾಗಿ ಹಳೆಯ ಮೈದಾನ ರಿಗ್ಲಿ ಫೀಲ್ಡ್‌ಗೆ ಬಂದ. ಎರಡೇ ಇನ್ನಿಂಗ್ಸ್‌ನಲ್ಲಿ ಅವನನ್ನು ಹೊರಗೆ ಕರೆಸಿದರು. ಆ ವರ್ಷ ಕಬ್ಸ್ 108 ವರ್ಷಗಳ ನಂತರ ವರ್ಲ್ಡ್ ಸೀರೀಸ್ ಗೆದ್ದಿತು. ರಸೆಲ್ ಆ ತಂಡದಲ್ಲಿದ್ದ.

ಕಾಲೇಜಿನ ದಾಖಲೆಗಳಲ್ಲೂ ಕೆಲವು ಉಳಿಯಲಿಲ್ಲ. 2009ರಲ್ಲಿ ಗೋಲ್ಡನ್ ಟೇಟ್ 1,496 ಗಜ ಗಳಿಸಿದ. ಬಳಿಕ ಮೈಕೆಲ್ ಫ್ಲಾಯ್ಡ್, ಸಮಾರ್ಜಾನ ಒಟ್ಟು 179 ಕ್ಯಾಚ್‌ಗಳನ್ನು ದಾಟಿ 271ಕ್ಕೆ ಹೋದ.

ಸಮಾರ್ಜಾ ಮಾತ್ರ 2020ರವರೆಗೆ, 35 ತುಂಬಿದ ಮೇಲೂ, ಎಸೆಯುತ್ತಿದ್ದ. 13 ಸೀಸನ್‌ಗಳಲ್ಲಿ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಅಂದು ಆ 45 ಗಜದ ಟಚ್‌ಡೌನಿಗೆ ಚೆಂಡು ಎಸೆದ ಬ್ರೇಡಿ ಕ್ವಿನ್ ಎನ್‌ಎಫ್‌ಎಲ್‌ಗೆ ಮೊದಲ ಸುತ್ತಿನಲ್ಲೇ ಹೋದ. 2012ರ ಸೀಸನ್ನಿನ ನಂತರ ಅವನು ಅಲ್ಲಿ ಲೀಗ್ ಪಂದ್ಯ ಆಡಲಿಲ್ಲ. ಅದೇ 2012ರಲ್ಲಿ, ಅಂದು ಚೆಂಡು ಹಿಡಿದವನು ಕಬ್ಸ್ ಪರವಾಗಿ ಮೊದಲ ಬಾರಿಗೆ ನಿಯಮಿತವಾಗಿ ಆರಂಭಿಕ ಪಿಚರ್ ಆಗಿ ಮೈದಾನಕ್ಕಿಳಿಯತೊಡಗಿದ್ದ.