ನೂರು ಮೀಟರಿನ ಆಚೆ

ಮನೆಯ ವಿಷಯವನ್ನು ಶರಣಬಂಧುಗಳ ಮುಂದೆ ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಆದರೂ ಇಂಥ ಪ್ರಶ್ನೆ ಬೇರೆ ಮನೆಗಳಲ್ಲಿಯೂ ಎದ್ದಿರಬಹುದೆಂದು ಬರೆಯುತ್ತಿದ್ದೇನೆ.

ನಮ್ಮ ಹುಟ್ಟೂರು ಮೂಗೂರು. ತ್ರಿಪುರಸುಂದರಿ ಅಮ್ಮನವರ ಜಾತ್ರೆಗೆ ಬಂದವರನ್ನೆಲ್ಲ ಮನೆಗೆ ಕರೆದು ಉಣಬಡಿಸುತ್ತಿದ್ದ ನಮ್ಮ ತಂದೆಯವರು, ತಿರುಮಕೂಡಲು ನರಸೀಪುರದಲ್ಲಿ ಸಸ್ಯಾಹಾರಿ ಊಟದ ಹೋಟೆಲೊಂದನ್ನು ಮೂರು ದಶಕ ನಡೆಸಿದರು. ಅವರು ಲಿಂಗೈಕ್ಯರಾದ ಮೇಲೆ ವ್ಯಾಪಾರ ತಮ್ಮನದಾಯಿತು. ಕಟ್ಟಡ ಮಾತ್ರ ಇಬ್ಬರ ಹೆಸರಿನಲ್ಲಿ ಉಳಿಯಿತು.

ಕಳೆದ ವರ್ಷ ತಮ್ಮ ಒಂದು ಒಪ್ಪಿಗೆ ಪತ್ರ ಹಿಡಿದು ಬಂದ. ಮೇಲೆ ಕೊಠಡಿಗಳನ್ನು ಕಟ್ಟಿಸಿ, ವಸತಿಗೃಹ ಮಾಡಿ, ಸಿ.ಎಲ್.-7 ಸನ್ನದು ಪಡೆಯುವ ಯೋಚನೆ. "ನಾನು ಇಡುವುದು ಬರೀ ಬಿಯರ್ ಅಣ್ಣ, ಅದೇನು ಬ್ರಾಂದಿಯೇ?" ಎಂದ. ಬ್ಯಾಂಕಿನ ಸಾಲ ಅವನನ್ನು ಹಿಂಡುತ್ತಿದ್ದುದು ನನಗೆ ತಿಳಿಯದ್ದಲ್ಲ.

ನಿಯಮಗಳನ್ನು ತರಿಸಿ ಓದಿದೆ. 1965ರ ಕರ್ನಾಟಕ ಅಬಕಾರಿ ಅಧಿನಿಯಮದ ದೃಷ್ಟಿಯಲ್ಲಿ ಬಿಯರ್ ಕೂಡ ಮದ್ಯವೇ. ಅದರ ಚಿಲ್ಲರೆ ಮಾರಾಟಕ್ಕೆಂದು 1976ರಲ್ಲಿ ಪ್ರತ್ಯೇಕ ನಿಯಮಗಳೇ ಬಂದಿವೆ. ಮದ್ಯದಂಗಡಿ ಮತ್ತು ಬಾರುಗಳಿಗೆ ಹೊಸ ಸನ್ನದು ಕೊಡುವುದನ್ನು ಸರ್ಕಾರ 1990ರ ದಶಕದಲ್ಲಿ ನಿಲ್ಲಿಸಿತು. ವಸತಿಗೃಹಗಳ ದಾರಿ ತೆರೆದೇ ಇತ್ತು. ಪ್ರವಾಸಿಗಳೇ ಬಾರದ ಊರುಗಳಲ್ಲಿ ಲಾಡ್ಜುಗಳೇಕೆ ಏಳುತ್ತವೆ ಎಂಬ ನನ್ನ ಬಹುದಿನದ ಅನುಮಾನ ಅಂದು ಬಗೆಹರಿಯಿತು. ನಮ್ಮ ಕಟ್ಟಡವೋ ಹೆದ್ದಾರಿಯ ಪಕ್ಕದ್ದು. 2016ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಹೆದ್ದಾರಿಯ 500 ಮೀಟರ್ ಒಳಗೆ ಮದ್ಯ ಮಾರಕೂಡದೆಂದಿತ್ತು. 2017ರ ಜುಲೈನಲ್ಲಿ ಪಟ್ಟಣದ ಮಿತಿಯೊಳಗಿನ ಸನ್ನದುಗಳಿಗೆ ಅದು ಅಡ್ಡಿಯಲ್ಲವೆಂದು ಸ್ಪಷ್ಟಪಡಿಸಿತು. ಉಳಿದದ್ದು ಶಾಲೆ, ದೇವಾಲಯ, ಆಸ್ಪತ್ರೆಗಳಿಂದ 100 ಮೀಟರ್ ದೂರವಿರಬೇಕೆಂಬ ನಿಯಮ. ಅದನ್ನು ಜನ ನಡೆದುಹೋಗುವ ದಾರಿಯಲ್ಲಿ ಅಳೆಯಬೇಕು.

ಒಂದು ಮುಂಜಾನೆ ಅಣ್ಣತಮ್ಮಂದಿರಿಬ್ಬರೂ ಟೇಪು ಹಿಡಿದು ಅಳೆದೆವು. ನಮ್ಮ ಬಾಗಿಲಿನಿಂದ ಶಾಲೆಯ ಗೇಟಿಗೆ 112 ಮೀಟರ್. ತಮ್ಮನ ಮುಖ ಅರಳಿತು.

ಸಂಜೆ ಅವ್ವನಿಗೆ ತಿಳಿಸಿದೆವು. ಅವರು ಮೀಟರಿನ ಲೆಕ್ಕ ಕೇಳಲಿಲ್ಲ. "ಸಂತೆಗೆ ಬಂದ ಹೆಣ್ಣುಮಕ್ಕಳು ಮಗೂನ ಎತ್ಕೊಂಡು ಒಳಗೆ ಬಂದು ಊಟ ಮಾಡ್ತಾರಲ್ಲ, ಇನ್ನು ಮೇಲೆ ಅವರು ಎಲ್ಲಿಗೆ ಹೋಗಬೇಕಪ್ಪ?" ಎಂದರು.

ನಾನು ಸಹಿ ಹಾಕಲಿಲ್ಲ. ಆಗ ತಮ್ಮ, "ಮೈಸೂರಿನಲ್ಲಿ ನಿಮ್ಮ ಕಚೇರಿಯ ಔತಣಗಳಲ್ಲಿ ಮೇಜಿನ ಮೇಲೆ ಬಿಯರ್ ಇದ್ದಾಗ ನೀನು ಎದ್ದು ಬಂದೆಯಾ ಅಣ್ಣ?" ಎಂದು ಕೇಳಿದ. ಬಂದಿರಲಿಲ್ಲ. ಹಣ್ಣಿನ ರಸ ಕುಡಿದು ಕುಳಿತೇ ಇದ್ದೆ. ಅಷ್ಟೇ ಅಲ್ಲ, ಅವನು ನಷ್ಟದಲ್ಲಿದ್ದ ವರ್ಷಗಳಲ್ಲಿಯೂ ಬಾಡಿಗೆಯ ಅರ್ಧ ಪಾಲನ್ನು ತಪ್ಪದೆ ಪಡೆದಿದ್ದೆ. ಆ ಪಾಲನ್ನು ಈಗ ಬಿಟ್ಟುಕೊಟ್ಟಿದ್ದೇನೆ. ಅದರಿಂದ ಸಾಲ ತೀರುವುದಿಲ್ಲವೆಂಬುದು ಇಬ್ಬರಿಗೂ ಗೊತ್ತು.

ಈ ಸಲದ ಜಾತ್ರೆಗೆ ಅವನು ಬಂದಿದ್ದ. ತೇರು ನೋಡಿ, ದೊಡ್ಡಪ್ಪನವರ ಮನೆಯಲ್ಲಿ ಊಟ ಮುಗಿಸಿ, ಅವ್ವನ ಕಾಲಿಗೆರಗಿ ಹೊರಟ. ಅಬಕಾರಿ ವರ್ಷ ಜುಲೈ 1ಕ್ಕೆ ಮೊದಲಾಗುತ್ತದೆ. ಅದಕ್ಕೆ ಮುಂಚೆ ಮತ್ತೊಮ್ಮೆ ಬರುತ್ತೇನೆಂದು ಹೇಳಿದ್ದಾನೆ. ಪತ್ರ ನನ್ನ ಬೀರುವಿನಲ್ಲಿಯೇ ಇದೆ.